‘ನೈಂಟಿ ನಂಬರ್’ ಅಂದರಷ್ಟೇ ಸಾಲದು

ಶಾಫ್ಟ್ ಡ್ರೈವ್ ಬೈಕು ಓಡಿಸುವ ಗೆಳೆಯರಿಗೆ, ಆ ಬೈಕುಗಳನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಬಂಧುಗಳಿಗೆ,

ಒಂದು ಕಾಲಕ್ಕೆ ಷೋರೂಮಿನ ಗಾಜಿನ ಹಿಂದೆ ಮಿಂಚುತ್ತಿದ್ದ ದೊಡ್ಡ ಬೈಕುಗಳು ಈಗ ಎರಡನೆಯ, ಮೂರನೆಯ ಮಾಲೀಕರ ಮನೆ ಮುಂದೆ ನಿಂತಿವೆ. ಬಿಎಂಡಬ್ಲ್ಯುವಿನ ಜಿಎಸ್, ಸುಜುಕಿಯ ಇಂಟ್ರೂಡರ್, ಟ್ರಯಂಫ್‌ನ ದೊಡ್ಡ ಟೈಗರ್, ಮೋಟೋ ಗುಜ್ಜಿ, ಅಪರೂಪಕ್ಕೊಂದು ಹೋಂಡಾ ಗೋಲ್ಡ್ ವಿಂಗ್. ವಾರಂಟಿ ಮುಗಿದದ್ದೇ ತಡ, ಇವುಗಳಲ್ಲಿ ಹಲವು ಬಡಾವಣೆಯ ಗ್ಯಾರೇಜಿನ ದಾರಿ ಹಿಡಿಯುತ್ತವೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಕೈಗಳು ಅಲ್ಲೂ ಇವೆ. ಆದರೆ ಎಂಜಿನ್‌ಗೆ ಯಾವ ಆಯಿಲ್ ಹಾಕಬೇಕೆಂದು ಅರ್ಧ ಗಂಟೆ ಚರ್ಚೆ ನಡೆಯುವ ಜಾಗದಲ್ಲಿ, ಹಿಂದಿನ ಚಕ್ರಕ್ಕೆ ಅಂಟಿಕೊಂಡ ಗೇರ್ ಹೌಸಿಂಗ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ‘ಹಿಂದಕ್ಕೆ ನೈಂಟಿ ನಂಬರ್ ಹಾಕಿಬಿಡಿ.’

ಆ ಒಂದು ಮಾತಿನಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಬಿಡಿಸಿ ಹೇಳುವುದಕ್ಕಾಗಿಯೇ ಈ ಪತ್ರ. ಯಾವ ಕಂಪನಿಯ ಆಯಿಲ್ ಒಳ್ಳೆಯದು ಎಂಬ ವಾದಕ್ಕೆ ಇದು ಇಳಿಯುವುದಿಲ್ಲ. ಆಯಿಲಿನ ದರ್ಜೆ, ಅದರ ದಪ್ಪ, ಹಾಕುವ ಅಳತೆ, ಬದಲಿಸುವ ಹೊತ್ತು – ಈ ನಾಲ್ಕು ಸರಿಯಾಗಿದ್ದರೆ ಹೆಸರಾಂತ ಯಾವ ಕಂಪನಿಯದಾದರೂ ನಡೆಯುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೆ ಅತಿ ದುಬಾರಿ ಬಾಟಲಿಯೂ ಕೆಲಸಕ್ಕೆ ಬಾರದು.

ನಮ್ಮಲ್ಲಿ ಈ ತಿಳಿವಳಿಕೆ ತೆಳುವಾಗಿರುವುದಕ್ಕೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಜಾವಾ, ಆಮೇಲೆ ಬಂದ ಯೆಜ್ಡಿ, ಮದ್ರಾಸಿನ ಬುಲೆಟ್, ಅನಂತರದ ಜಪಾನಿ ನೂರು ಸಿಸಿಗಳು ಎಲ್ಲವೂ ಚೈನಿನ ಗಾಡಿಗಳೇ. ಹಲವು ತಲೆಮಾರಿನ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡದ್ದು ಚೈನ್ ಮತ್ತು ಸ್ಪ್ರಾಕೆಟ್ ಮೇಲೆ. ಕ್ರೌನ್-ಪಿನಿಯನ್ ಅಂದರೆ ಅವರ ಕಣ್ಣಮುಂದೆ ಬರುವುದು ಅಂಬಾಸಡರ್ ಕಾರು, ಜೀಪು, ಲಾರಿ, ಟ್ರ್ಯಾಕ್ಟರ್. ಲೀಟರುಗಟ್ಟಲೆ ಆಯಿಲ್ ಹಿಡಿಯುವ ಆ ಹೌಸಿಂಗ್‌ಗಳ ಅನುಭವವೇ ಈಗ ಬೈಕಿಗೂ ಬಂದಿದೆ. ಅಲ್ಲಿ ಐವತ್ತು ಮಿಲಿ ಹೆಚ್ಚುಕಡಿಮೆಯಾದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಬೈಕಿನಲ್ಲಿ ಐವತ್ತು ಮಿಲಿ ಎಂದರೆ ಒಟ್ಟು ಆಯಿಲಿನ ಕಾಲುಭಾಗಕ್ಕೂ ಹೆಚ್ಚಾಗಬಹುದು.

ಶಾಫ್ಟ್ ಡ್ರೈವ್ ಹೊಸದೇನಲ್ಲ. ಬೆಲ್ಜಿಯಂನ ಎಫ್‌ಎನ್ ಕಂಪನಿ 1905ರ ಹೊತ್ತಿಗೇ ನಾಲ್ಕು ಸಿಲಿಂಡರಿನ ಶಾಫ್ಟ್ ಬೈಕನ್ನು ಮಾರುತ್ತಿತ್ತು. ಇದನ್ನು ಮನೆಮಾತು ಮಾಡಿದ್ದು 1923ರ ಬಿಎಂಡಬ್ಲ್ಯು ಆರ್32. ಮ್ಯಾಕ್ಸ್ ಫ್ರಿಟ್ಜ್ ಎಂಬ ಎಂಜಿನಿಯರ್ ಅದರ ಕ್ರ್ಯಾಂಕನ್ನು ಬೈಕಿನ ಉದ್ದಕ್ಕೆ ಮಲಗಿಸಿ, ಎರಡು ಸಿಲಿಂಡರುಗಳನ್ನು ಎಡಬಲಕ್ಕೆ ಚಾಚಿಸಿದರು. ಹಾಗಾಗಿ ಗೇರ್‌ಬಾಕ್ಸಿನಿಂದ ಹೊರಟ ಶಾಫ್ಟ್ ನೇರವಾಗಿ ಹಿಂದಕ್ಕೆ ಹೋಗಿ, ಚಕ್ರದ ಬಳಿ ಒಂದೇ ಒಂದು ಸಲ ತಿರುಗಿದರೆ ಸಾಕಾಯಿತು. ನೂರು ವರ್ಷ ಕಳೆದ ಮೇಲೂ ಜಿಎಸ್ ಬೈಕಿನ ಮೂಲ ವಿನ್ಯಾಸ ಅದೇ. ಬಿಎಂಡಬ್ಲ್ಯುವಿನ ಆರ್71 ಮಾದರಿಯನ್ನು ನೋಡಿ ಸೋವಿಯತ್ ಒಕ್ಕೂಟ ಎಂ-72 ಕಟ್ಟಿತು, ಇಂದಿನ ಉರಾಲ್ ಅದರ ವಂಶದ್ದು. 1960ರ ದಶಕದಲ್ಲಿ ಇಟಲಿಯ ಮೋಟೋ ಗುಜ್ಜಿ ವಿ7 ಬಂತು, 1974ರಲ್ಲಿ ಹೋಂಡಾ ಗೋಲ್ಡ್ ವಿಂಗ್ ಜಗತ್ತಿಗೆ ಮುಖ ತೋರಿಸಿತು. ದೂರದೂರಿಗೆ ಹೋಗುವವರು ಚೈನಿಗೆ ಎಣ್ಣೆ ಬಿಡುವ, ಬಿಗಿ ಮಾಡುವ ಕೆಲಸದಿಂದ ಪಾರಾದರು.

‘ಚೈನ್ ಇಲ್ಲ, ಮೇಂಟೆನೆನ್ಸ್ ಇಲ್ಲ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಅರ್ಧ ಮಾತ್ರ ನಿಜ. ದಿನದಿನದ ಆರೈಕೆ ಬೇಡ, ಹೊತ್ತುಹೊತ್ತಿಗೆ ಮಾಡಬೇಕಾದ ಆರೈಕೆ ಇದ್ದೇ ಇದೆ.

ಹೌಸಿಂಗಿನ ಒಳಗೆ ನಡೆಯುವುದೇನು ಎಂದು ಒಮ್ಮೆ ನೋಡೋಣ. ಶಾಫ್ಟಿನ ತುದಿಯಲ್ಲಿ ಪುಟ್ಟ ಪಿನಿಯನ್, ಚಕ್ರದ ಕಡೆಗೆ ದೊಡ್ಡ ಕ್ರೌನ್ ವೀಲ್. ಬೈಕಿನ ಉದ್ದಕ್ಕೆ ಸುತ್ತುತ್ತಿದ್ದ ಶಕ್ತಿ ಇಲ್ಲಿ ತೊಂಬತ್ತು ಡಿಗ್ರಿ ತಿರುಗಿ ಚಕ್ರಕ್ಕೆ ಸೇರಬೇಕು. ಹಲ್ಲುಗಳು ನೆಟ್ಟಗಿಲ್ಲ, ಓರೆಯಾಗಿ ಬಾಗಿವೆ. ಒಂದು ಹಲ್ಲು ಇನ್ನೊಂದರ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ ಕೂಡ. ಈ ಜಾರುವಿಕೆಯೇ ಆಯಿಲಿಗೆ ದೊಡ್ಡ ಪರೀಕ್ಷೆ. ಉರುಳುವ ಕಡೆ ಆಯಿಲಿನ ಪದರ ಹಲ್ಲುಗಳ ನಡುವೆ ಸಿಕ್ಕಿಕೊಂಡು ತಡೆಯಾಗಿ ನಿಲ್ಲುತ್ತದೆ. ಜಾರುವ ಕಡೆ, ಅದರಲ್ಲೂ ಭಾರಿ ಒತ್ತಡದಲ್ಲಿ, ಅದೇ ಪದರ ಒರೆಸಿಹೋಗುತ್ತದೆ. ಆಗ ಉಕ್ಕಿಗೆ ಉಕ್ಕು ತಾಗಿ, ತಾಗಿದ ಚುಕ್ಕಿಯಲ್ಲಿ ಬಿಸಿ ಏರಿ, ಲೋಹ ಕ್ಷಣಮಾತ್ರ ಬೆಸೆದುಕೊಂಡು ಮತ್ತೆ ಹರಿಯುತ್ತದೆ. ಹಲ್ಲಿನ ಮೇಲೆ ಗೀರು ಬೀಳುವುದು ಹೀಗೆ.

ಪಿನಿಯನ್ನಿನ ನಡುಗೆರೆ ಕ್ರೌನ್ ವೀಲಿನ ನಡುಗೆರೆಗೆ ಸಂಧಿಸದೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಅದು ಹೈಪಾಯ್ಡ್ ಗೇರ್. ಅಮೆರಿಕದ ರೋಚೆಸ್ಟರ್ ನಗರದ ಗ್ಲೀಸನ್ ಕಂಪನಿ ಇದನ್ನು ರೂಪಿಸಿತು, 1926ರಲ್ಲಿ ಪ್ಯಾಕರ್ಡ್ ಕಾರು ಇದನ್ನು ಬಳಕೆಗೆ ತಂದಿತು. ಶಾಫ್ಟನ್ನು ತಗ್ಗಿಸಿದರೆ ಕಾರಿನ ನೆಲ ತಗ್ಗುತ್ತದೆ ಎಂಬುದು ಅದರ ಲಾಭ. ಆದರೆ ನಡುಗೆರೆ ಸರಿದಷ್ಟೂ ಹಲ್ಲುಗಳ ಜಾರುವಿಕೆ ಹೆಚ್ಚುತ್ತದೆ, ಅಂದಿನ ಸಾದಾ ಆಯಿಲುಗಳಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಗಂಧಕ, ಸೀಸದ ಸಾಬೂನು ಮುಂತಾದವನ್ನು ಬೆರೆಸಿ ‘ಎಕ್ಸ್‌ಟ್ರೀಮ್ ಪ್ರೆಷರ್’ ಆಯಿಲ್ ತಯಾರಿಸುವ ಶಾಸ್ತ್ರ ಬೆಳೆದದ್ದು ಈ ಕಾರಣಕ್ಕೆ. ಡಬ್ಬಿಯ ಮೇಲೆ ಕಾಣುವ ‘ಇಪಿ’ ಎಂಬ ಎರಡಕ್ಷರ ಅದೇ.

ಈ ಕಥೆಯಲ್ಲಿ ಮನಸ್ಸು ಕಲಕುವ ಒಂದು ಅಧ್ಯಾಯವಿದೆ. ದಶಕಗಳ ಕಾಲ ಗೇರ್ ಆಯಿಲಿಗೆ ಜಾರುಗುಣ ಕೊಡುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಒತ್ತಡ ತಡೆಯುವ ಉತ್ತಮ ಮಿಶ್ರಣ ಸಿಗುತ್ತಿತ್ತು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಎಣ್ಣೆಯ ಆಮದಿಗೆ ತಡೆಯೊಡ್ಡಿದ ಮೇಲೆ ಆಯಿಲ್ ಕಂಪನಿಗಳು ಬದಲಿ ಹುಡುಕಬೇಕಾಯಿತು. ಮರುಭೂಮಿಯ ಹೊಹೋಬಾ ಗಿಡದ ಬೀಜದೆಣ್ಣೆ ಕೂಡ ಆ ಹುಡುಕಾಟದಲ್ಲಿ ಪರೀಕ್ಷೆಗೆ ಬಂತು. ಕೊನೆಗೆ ನೆಲೆನಿಂತದ್ದು ಗಂಧಕ ಮತ್ತು ರಂಜಕದ ಸಂಯುಕ್ತಗಳು. ಇವು ಸುಮ್ಮನೆ ಆಯಿಲಿನಲ್ಲಿ ತೇಲಿಕೊಂಡಿರುತ್ತವೆ. ಹಲ್ಲಿಗೆ ಹಲ್ಲು ತಾಗಿ ಬಿಸಿಯಾದ ಜಾಗದಲ್ಲಿ ಮಾತ್ರ ಉಕ್ಕಿನೊಂದಿಗೆ ಕೂಡಿ ತೆಳುವಾದ ಪೊರೆಯಾಗುತ್ತವೆ. ಲೋಹ ಹರಿಯುವ ಬದಲು ಆ ಪೊರೆ ಹರಿಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಗೇರ್ ಆಯಿಲ್ ಬಾಟಲಿ ತೆರೆದಾಗ ಮೂಗಿಗೆ ಹೊಡೆಯುವ ಆ ಘಾಟು ಗಂಧಕದ್ದು. ಎಂಜಿನ್ ಆಯಿಲಿನಲ್ಲಿ ಸವೆತ ತಡೆಯುವ ವಸ್ತುಗಳಿದ್ದರೂ ಈ ಮಟ್ಟದ ರಕ್ಷಣೆ ಇರುವುದಿಲ್ಲ. ಆದ್ದರಿಂದ ಎಂಜಿನ್‌ಗೆ ಹಾಕಿ ಉಳಿದದ್ದನ್ನು ಹಿಂದಿನ ಹೌಸಿಂಗಿಗೆ ಸುರಿಯುವ ಪದ್ಧತಿ ಎಲ್ಲಾದರೂ ಇದ್ದರೆ ಅದು ಇಂದೇ ನಿಲ್ಲಬೇಕು.

ಎಷ್ಟು ಇಪಿ ರಕ್ಷಣೆ ಇದೆ ಎಂದು ಹೇಳುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ದರ್ಜೆ, ಅಂದರೆ ಎಪಿಐ ಜಿಎಲ್ ಸಂಖ್ಯೆ. ಅಂಗಡಿಯಲ್ಲಿ ಕಾಣುವುದು ಮುಖ್ಯವಾಗಿ ಜಿಎಲ್-4 ಮತ್ತು ಜಿಎಲ್-5. ಜಿಎಲ್-4 ಓರೆಹಲ್ಲಿನ ಬೆವೆಲ್ ಗೇರುಗಳಿಗೆ, ಹಗುರವಾದ ಹೈಪಾಯ್ಡ್ ಕೆಲಸಕ್ಕೆ ತಕ್ಕದ್ದು. ಜಿಎಲ್-5ರಲ್ಲಿ ಇಪಿ ವಸ್ತುಗಳ ಪ್ರಮಾಣ ಇನ್ನೂ ಹೆಚ್ಚು. ಪೂರ್ತಿ ಹೊರೆಯ ಹೈಪಾಯ್ಡ್ ಗೇರುಗಳಿಗೆ ಅದು ಬೇಕೇಬೇಕು. ಜಿಎಲ್-5 ಎನಿಸಿಕೊಳ್ಳಲು ಆಯಿಲ್ ನಿಜವಾದ ಆಕ್ಸಲ್‌ಗಳಲ್ಲಿ ಪರೀಕ್ಷೆ ದಾಟಬೇಕು: ಕಡಿಮೆ ವೇಗದಲ್ಲಿ ಭಾರಿ ಎಳೆತ, ಹೆಚ್ಚಿನ ವೇಗದಲ್ಲಿ ಹಠಾತ್ ಹೊಡೆತ, ನೀರಿನ ಪಸೆಯಲ್ಲಿ ತುಕ್ಕು ಹಿಡಿಯುತ್ತದೆಯೇ ಎಂಬ ತಪಾಸಣೆ. ನಮ್ಮ ಮಳೆಗಾಲಕ್ಕೆ ಆ ಕೊನೆಯದರ ಬೆಲೆ ಬೇರೆ ಹೇಳಬೇಕಿಲ್ಲ.

ಗ್ಯಾರೇಜುಗಳಲ್ಲಿ ‘ಜಿಎಲ್-5 ಹಾಕಬೇಡಿ, ಹಿತ್ತಾಳೆ ತಿನ್ನುತ್ತದೆ’ ಎಂಬ ಎಚ್ಚರಿಕೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಅನ್ವಯಿಸುವ ಜಾಗ ಬೇರೆ. ಕಾರಿನ ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿರುತ್ತವೆ. ಚುರುಕಾದ ಗಂಧಕ ಅವುಗಳಿಗೆ ಒಳ್ಳೆಯದಲ್ಲ, ಮೇಲಾಗಿ ಅಷ್ಟೊಂದು ಜಾರುವ ಆಯಿಲಿನಲ್ಲಿ ಆ ರಿಂಗುಗಳು ಸರಿಯಾಗಿ ಹಿಡಿಯುವುದಿಲ್ಲ. ಬೈಕಿನ ಗೇರ್‌ಬಾಕ್ಸಿನಲ್ಲಿ ಸಿಂಕ್ರೊನೈಸರ್ ಇರುವುದಿಲ್ಲ. ಹಿಂದಿನ ಹೌಸಿಂಗಿನಲ್ಲಂತೂ ಇರುವುದು ಕ್ರೌನ್, ಪಿನಿಯನ್ ಮತ್ತು ಬೇರಿಂಗುಗಳು. ಹಳೆಯ ಗಾಳಿತಂಪು ಬಿಎಂಡಬ್ಲ್ಯು ಬೈಕುಗಳಲ್ಲಿ ಗೇರ್‌ಬಾಕ್ಸಿಗೂ ಜಿಎಲ್-5 ಹೈಪಾಯ್ಡ್ ಆಯಿಲನ್ನೇ ಕಂಪನಿ ಹೇಳಿತ್ತು. ಆದ್ದರಿಂದ ಕಾರಿನ ಗೇರ್‌ಬಾಕ್ಸಿನ ಭಯವನ್ನು ಬೈಕಿನ ಹಿಂಭಾಗಕ್ಕೆ ತರಬೇಕಾಗಿಲ್ಲ. ಬೈಕಿನ ಕೈಪಿಡಿ ಜಿಎಲ್-5 ಎಂದು ಹೇಳಿದ್ದರೆ ಜಿಎಲ್-4ಕ್ಕೆ ಇಳಿಯಬೇಡಿ. ಜಿಎಲ್-4 ಹೈಪಾಯ್ಡ್ ಎಂದಿದ್ದರೆ ಅದನ್ನೇ ಹುಡುಕಿ, ಮೇಲಿನ ದರ್ಜೆ ಹಾಕುವ ಮುನ್ನ ಆ ಮಾದರಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ. ‘ಎಲ್‌ಎಸ್’ ಎಂದು ಬರೆದ ಆಯಿಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಕಾರುಗಳಿಗಾಗಿ ಮಾಡಿದ್ದು. ಬೈಕಿಗೆ ಡಿಫರೆನ್ಷಿಯಲ್ಲೇ ಇಲ್ಲ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಇನ್ನು ಆ ‘ನೈಂಟಿ’. ಗೇರ್ ಆಯಿಲಿನ ತೊಂಬತ್ತು ಎಂಜಿನ್ ಆಯಿಲಿನ ನಲವತ್ತಕ್ಕಿಂತ ಎರಡು ಪಟ್ಟು ದಪ್ಪ ಎಂದು ಬಹಳ ಜನ ನಂಬಿದ್ದಾರೆ. ಎರಡೂ ಬೇರೆ ಬೇರೆ ಅಳತೆಗೋಲುಗಳು. ಎಸ್‌ಎಇ ಜೆ306 ಮಾನದಂಡದಂತೆ ಗೇರ್ ಆಯಿಲಿನ 90 ಎಂದರೆ ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿನ ದಪ್ಪ. ಎಂಜಿನ್ ಆಯಿಲಿನ 40 ಅದೇ ಬಿಸಿಯಲ್ಲಿ 12.5ರಿಂದ 16.3, 50 ಎಂದರೆ 16.3ರಿಂದ 21.9. ಅಂದರೆ ಬಿಸಿಯಾದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ನೆರೆಯಲ್ಲಿವೆ. ಗೇರ್ ಆಯಿಲನ್ನು ಬೇರೆ ಮಾಡುವುದು ಅದರ ದಪ್ಪವಲ್ಲ, ಒಳಗಿರುವ ಇಪಿ ವಸ್ತು. ‘ನೈಂಟಿ’ ಎಂದಷ್ಟೇ ಹೇಳಿ ಜಿಎಲ್ ದರ್ಜೆ ಬಿಟ್ಟರೆ ಮುಖ್ಯವಾದದ್ದೇ ಬಿಟ್ಟಂತಾಗುತ್ತದೆ.

75ಡಬ್ಲ್ಯು-90, 80ಡಬ್ಲ್ಯು-90, 85ಡಬ್ಲ್ಯು-140 ಎಂಬುದರಲ್ಲಿ ಮೊದಲ ಸಂಖ್ಯೆ ಚಳಿಯದ್ದು. ಆಯಿಲ್ ಎಷ್ಟು ಚಳಿಯವರೆಗೆ ಹರಿಯಬಲ್ಲದು ಎಂಬ ಗಡಿ ಅದು: 85ಡಬ್ಲ್ಯುಗೆ ಸೊನ್ನೆಗಿಂತ 12 ಡಿಗ್ರಿ ಕೆಳಗೆ, 80ಡಬ್ಲ್ಯುಗೆ 26 ಡಿಗ್ರಿ ಕೆಳಗೆ, 75ಡಬ್ಲ್ಯುಗೆ 40 ಡಿಗ್ರಿ ಕೆಳಗೆ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿಯೂ ಈ ಗಡಿ ಯಾರಿಗೂ ಅಡ್ಡಬರದು. ಬೇಸಿಗೆಯಲ್ಲಿ ಲಡಾಖಿಗೆ ಹೋಗುವವರಿಗೂ 80ಡಬ್ಲ್ಯು ಸಾಕು. ಚಳಿಗಾಲದಲ್ಲಿ ಸ್ಪಿತಿ ಕಣಿವೆಗೆ ಬೈಕ್ ಒಯ್ಯುವ ಸಾಹಸ ಮಾಡುವವರು ಮಾತ್ರ 75ಡಬ್ಲ್ಯುವನ್ನು ಗಂಭೀರವಾಗಿ ಪರಿಗಣಿಸಬೇಕು.

ಬಿಸಿಲಿನ ಕಡೆಯವರ ಪ್ರಶ್ನೆ ಬೇರೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವಾಗ 90ರ ಬದಲು 140 ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಬೇಡ. 90 ಎಂಬ ಅಳತೆಯನ್ನೇ ನೂರು ಡಿಗ್ರಿ ಬಿಸಿಯಲ್ಲಿ ಗೊತ್ತು ಮಾಡಿರುವುದು. ಲಾರಿಗೆ ಒಗ್ಗುವ 140 ಬೈಕಿನ ಕಿರಿದಾದ ಹೌಸಿಂಗಿನಲ್ಲಿ ಗೇರಿಗೆ ಎದುರಾಗಿ ನಿಂತು, ಕಡೆಯುವಾಗಲೇ ಬಿಸಿ ಹುಟ್ಟಿಸುತ್ತದೆ, ಬೇರಿಂಗುಗಳ ಸಂದಿಗೆ ನಿಧಾನವಾಗಿ ತಲಪುತ್ತದೆ. ಹೊಸ ಬೈಕುಗಳು ತದ್ವಿರುದ್ಧ ದಿಕ್ಕಿಗೆ ಹೊರಟಿವೆ. ಹಳೆಯ ಜಿಎಸ್‌ಗಳಿಗೆ ಬಿಎಂಡಬ್ಲ್ಯು ಹೇಳುತ್ತಿದ್ದದ್ದು 75ಡಬ್ಲ್ಯು-90, 2013ರಲ್ಲಿ ಬಂದ ನೀರುತಂಪಿನ ಆರ್1200 ಜಿಎಸ್‌ನ ಕೈಪಿಡಿಯಲ್ಲಿ ಅದು 70ಡಬ್ಲ್ಯು-80 ಆಗಿದೆ. ತೆಳು ಆಯಿಲ್ ಕಡೆಯುವಲ್ಲಿ ಕಡಿಮೆ ಶಕ್ತಿ ತಿನ್ನುತ್ತದೆ, ಅದಕ್ಕೆ ತಕ್ಕ ಹಲ್ಲು, ಬೇರಿಂಗುಗಳನ್ನು ಎಂಜಿನಿಯರುಗಳು ಲೆಕ್ಕಹಾಕಿ ಇಟ್ಟಿರುತ್ತಾರೆ. ಹಳೆಯ ಜಿಎಸ್‌ಗೆ ಹಾಕುತ್ತಿದ್ದ ಬಾಟಲಿಯನ್ನೇ ಹೊಸದಕ್ಕೂ ಹಾಕುವವರು ಇಲ್ಲಿ ಒಮ್ಮೆ ನಿಂತು ಯೋಚಿಸಬೇಕು.

ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಎಷ್ಟಿದೆ ಎಂದು ನೋಡಿದರೆ ಒಂದೇ ಡಬ್ಬಿಯಿಂದ ಎಲ್ಲರಿಗೂ ಬಡಿಸುವುದು ಏಕೆ ತಪ್ಪು ಎಂದು ಗೊತ್ತಾಗುತ್ತದೆ. ಸುಜುಕಿ ತನ್ನ ದೊಡ್ಡ ಶಾಫ್ಟ್ ಬೈಕುಗಳಿಗೆ ಹೇಳುವುದು ಜಿಎಲ್-5 ದರ್ಜೆಯ ಎಸ್‌ಎಇ 90 ಹೈಪಾಯ್ಡ್ ಆಯಿಲ್. ಇಂಟ್ರೂಡರ್ ಮಾಲೀಕರ ಮಟ್ಟಿಗೆ ನಮ್ಮ ‘ನೈಂಟಿ’ ಸರಿಯೇ, ದರ್ಜೆ ನೋಡಿ ಕೊಂಡರೆ. ಹೋಂಡಾ ಗೋಲ್ಡ್ ವಿಂಗ್‌ಗೆ ಹೇಳುವುದು ಎಸ್‌ಎಇ 80 ಹೈಪಾಯ್ಡ್. ಮೋಟೋ ಗುಜ್ಜಿಯದು ಇನ್ನೂ ವಿಶಿಷ್ಟ. ಅದರ ಹಳೆಯ ದೊಡ್ಡ ಎಂಜಿನ್ನಿನ ಬೈಕುಗಳಿಗೆ ಒಟ್ಟು 250 ಮಿಲಿ, ಅದರಲ್ಲಿ 230 ಮಿಲಿ 80ಡಬ್ಲ್ಯು-90 ಆಯಿಲ್, ಉಳಿದ 20 ಮಿಲಿ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ದ್ರವ. ಕಪ್ಪಗೆ, ಪದರಪದರವಾಗಿ ಜಾರುವ ಆ ವಸ್ತು ಹಲ್ಲಿನ ಮೇಲೆ ಹೆಚ್ಚುವರಿ ಕವಚವಾಗುತ್ತದೆ. ಮಾಲಿಬ್ಡಿನಂ ಮೊದಲೇ ಬೆರೆಸಿದ 80ಡಬ್ಲ್ಯು-90 ಆಯಿಲುಗಳೂ ಈಗ ಸಿಗುತ್ತವೆ. ಗುಜ್ಜಿ ಮಾಲೀಕರು ಅದನ್ನು ಕೊಂಡರೆ ಬೆರೆಸುವ ತಾಪತ್ರಯ ತಪ್ಪುತ್ತದೆ. ಬೇರೆ ಬೈಕಿನವರು ‘ಒಳ್ಳೆಯದಂತೆ’ ಎಂದು ಅದನ್ನು ತಾವಾಗಿ ಸೇರಿಸಲು ಹೋಗದಿರುವುದು ಲೇಸು.

ಯಾವ ರಂಧ್ರಕ್ಕೆ ಯಾವ ಆಯಿಲ್ ಎಂಬುದೂ ಗೊಂದಲದ ಜಾಗವೇ. 1970, 80ರ ದಶಕದ ಹಲವು ಬಿಎಂಡಬ್ಲ್ಯು ಬಾಕ್ಸರ್‌ಗಳಲ್ಲಿ, ಅಂದರೆ ಸಿಲಿಂಡರುಗಳನ್ನು ಎಡಬಲಕ್ಕೆ ಚಾಚಿದ ಬೈಕುಗಳಲ್ಲಿ, ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್ ಇರುವ ಕೊಳವೆ, ಹಿಂದಿನ ಹೌಸಿಂಗ್ ನಾಲ್ಕಕ್ಕೂ ಪ್ರತ್ಯೇಕವಾಗಿ ಆಯಿಲ್ ತುಂಬಬೇಕು, ನಾಲ್ಕು ಬೇರೆಬೇರೆ ಪ್ಲಗ್ಗು. 2013ರ ನಂತರದ ನೀರುತಂಪಿನ ಬಾಕ್ಸರ್‌ಗಳಲ್ಲಿ ಗೇರ್‌ಬಾಕ್ಸು, ಕ್ಲಚ್ಚು ಎರಡೂ ಎಂಜಿನ್ ಆಯಿಲಿನಲ್ಲೇ ಮುಳುಗಿವೆ. ಅಲ್ಲಿ ಪ್ರತ್ಯೇಕ ಗೇರ್ ಆಯಿಲ್ ಬೇಕಿರುವುದು ಹಿಂದಕ್ಕೆ ಮಾತ್ರ. ಎಂಜಿನ್ ಅಡ್ಡಲಾಗಿ ಕೂತಿರುವ ಯಮಹಾ ಎಫ್‌ಜೆಆರ್1300 ತರಹದ ಬೈಕುಗಳಲ್ಲಿ ಶಕ್ತಿ ಎರಡು ಸಲ ತಿರುಗುತ್ತದೆ, ಗೇರ್‌ಬಾಕ್ಸಿನ ಹಿಂದೆ ಒಮ್ಮೆ, ಚಕ್ರದ ಬಳಿ ಇನ್ನೊಮ್ಮೆ. ಮೊದಲ ತಿರುವಿನ ಗೇರಿಗೆ ಕೆಲವು ಮಾದರಿಗಳಲ್ಲಿ ಎಂಜಿನ್ ಆಯಿಲೇ ಹೋಗುತ್ತದೆ, ಯಮಹಾದ ಹಳೆಯ ಎಕ್ಸ್‌ಎಸ್ ಸಾಲಿನಲ್ಲಿ ಅದಕ್ಕೇ ಪ್ರತ್ಯೇಕ ಆಯಿಲ್ ಇತ್ತು. ಕ್ಲಚ್ಚಿನ ಪ್ಲೇಟುಗಳು ಮುಳುಗಿರುವ ಎಂಜಿನ್ನಿಗೆ ಅಪ್ಪಿತಪ್ಪಿ ಇಪಿ ಗೇರ್ ಆಯಿಲ್ ಸುರಿದರೆ ಕ್ಲಚ್ಚು ಜಾರಲು ಶುರುವಾಗುತ್ತದೆ. ಹೊಸ ಮಾದರಿ ಮೊದಲ ಸಲ ಕೈಗೆ ಬಂದಾಗ ಮ್ಯಾನ್ಯುಯಲ್ ತೆರೆದು ಪ್ಲಗ್ಗುಗಳನ್ನು ಗುರುತಿಸಿಕೊಳ್ಳುವುದು ಮರ್ಯಾದೆಗೆ ಕಡಿಮೆಯಾಗುವ ಕೆಲಸವಲ್ಲ.

ಈಗ ಅಳತೆಯ ಮಾತು. ಆರ್1200 ಜಿಎಸ್‌ಗೆ ಆಯಿಲ್ ಬದಲಿಸುವಾಗ ಹಾಕಬೇಕಾದದ್ದು 180 ಮಿಲಿ, ಎಫ್‌ಜೆಆರ್1300ಕ್ಕೆ 200 ಮಿಲಿ, ಗೋಲ್ಡ್ ವಿಂಗ್ ಜಿಎಲ್1800ಕ್ಕೆ 120 ಮಿಲಿ. ನಾನ್ನೂರು ಕಿಲೋಗೆ ಸಮೀಪದ ಗೋಲ್ಡ್ ವಿಂಗನ್ನು, ಅದರ ಮೇಲೆ ಇಬ್ಬರನ್ನೂ ಅವರ ಸಾಮಾನನ್ನೂ ಹೊತ್ತು ಓಡಿಸುವ ಗೇರಿಗೆ ಇರುವುದು ಒಂದು ಸಣ್ಣ ಲೋಟದ ಕಾಫಿಯಷ್ಟು ಆಯಿಲ್. ಕಡಿಮೆ ಹಾಕಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚು ಹಾಕಿದರೆ ಆಗುವ ಅಪಾಯವನ್ನು ಬಹಳ ಜನ ಕಡೆಗಣಿಸುತ್ತಾರೆ. ಬಿಸಿಯಾದ ಆಯಿಲ್ ಹಿಗ್ಗುತ್ತದೆ, ಒಳಗಿನ ಗಾಳಿಯೂ ಹಿಗ್ಗುತ್ತದೆ. ಹಿಗ್ಗಲು ಬಿಟ್ಟ ಜಾಗವನ್ನೂ ಆಯಿಲ್ ತುಂಬಿಕೊಂಡಿದ್ದರೆ ಒತ್ತಡವೆಲ್ಲ ಸೀಲಿನ ಮೇಲೆ ಬೀಳುತ್ತದೆ. ಸೀಲ್ ಸೋತರೆ ಆಯಿಲ್ ಇಳಿಯುವುದು ನೆಲಕ್ಕಷ್ಟೇ ಅಲ್ಲ, ಪಕ್ಕದಲ್ಲೇ ಇರುವ ಬ್ರೇಕ್ ಡಿಸ್ಕಿಗೆ, ಟೈರಿಗೆ. ಆಗುಂಬೆ ಘಾಟಿಯ ತಿರುವಿನಲ್ಲಿ ಹಿಂದಿನ ಟೈರಿನ ಅಂಚು ಆಯಿಲಿನಿಂದ ನೆನೆದಿದ್ದರೆ ಏನಾಗಬಹುದು ಎಂಬುದನ್ನು ಯೋಚಿಸಿದವರು ಇನ್ನು ಮುಂದೆ ‘ಇರಲಿ ಇನ್ನೂ ಸ್ವಲ್ಪ’ ಎನ್ನಲಾರರು.

ಆದ್ದರಿಂದ ಕಣ್ಣಂದಾಜು ಬಿಟ್ಟು, ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜನ್ನೋ ಗೆರೆಯಿರುವ ಅಳತೆ ಲೋಟವನ್ನೋ ಬಳಸಿ. ಕೆಲವು ಬೈಕುಗಳಲ್ಲಿ ತುಂಬುವ ರಂಧ್ರದ ಕೆಳ ಅಂಚಿಗೆ ಆಯಿಲ್ ಮುಟ್ಟಿದರೆ ಸರಿ. ಆಗ ಬೈಕು ಸೆಂಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿರಬೇಕು, ಸೈಡ್ ಸ್ಟ್ಯಾಂಡಿನಲ್ಲಿ ವಾಲಿಕೊಂಡಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನು ಕೆಲವು ಬೈಕುಗಳಲ್ಲಿ ಆ ರಂಧ್ರ ಬರೀ ತುಂಬುವುದಕ್ಕೆ, ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಅಂಚಿನವರೆಗೆ ತುಂಬುವುದೇ ತಪ್ಪು, ಮಿಲಿ ಲೆಕ್ಕವೇ ಗತಿ.

ಯಾವಾಗ ಬದಲಿಸಬೇಕು? ಈ ಪ್ರಶ್ನೆಗೆ ಬಿಎಂಡಬ್ಲ್ಯುವಿನದೇ ಒಂದು ಪಾಠವಿದೆ. 2004ರಲ್ಲಿ ಆರ್1200 ಜಿಎಸ್ ಬಂದಾಗ ಹಿಂದಿನ ಹೌಸಿಂಗಿನ ಆಯಿಲ್ ಬೈಕಿನ ಆಯುಷ್ಯವಿಡೀ ಬಾಳುತ್ತದೆ ಎಂದೇ ಕಂಪನಿ ಎಣಿಸಿತ್ತು. ಮೊದಲ ಮಾದರಿಗಳಲ್ಲಿ ಅಡಿಯಲ್ಲಿ ಡ್ರೈನ್ ಪ್ಲಗ್ ಕೂಡ ಇರಲಿಲ್ಲ. ಆಮೇಲೆ ಆ ನಿಲುವು ಬದಲಾಯಿತು, ಪ್ಲಗ್ ಬಂತು, ಮೊದಲ ಸರ್ವಿಸ್‌ನಲ್ಲೂ ಅನಂತರ ನಿಗದಿತ ಅಂತರದಲ್ಲೂ ಬದಲಿಸಬೇಕೆಂಬ ಸೂಚನೆ ಬಂತು. ನೀರುತಂಪಿನ ಮಾದರಿಗಳಿಗೆ ಅದು 20,000 ಕಿಲೋಮೀಟರ್ ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ಹೊಸ ಕ್ರೌನ್-ಪಿನಿಯನ್ ಪರಸ್ಪರ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಅಷ್ಟೇ ಕಡಿಮೆ ಆಯಿಲಿನಲ್ಲಿ ಸುತ್ತುತ್ತಿರುತ್ತದೆ, ಸೋಸಲು ಫಿಲ್ಟರ್ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಹಿಂದಿನ ಮಾಲೀಕರ ಮಾತು ಎಷ್ಟೇ ನಂಬಿಗಸ್ತವಾಗಿದ್ದರೂ ಮೊದಲ ದಿನವೇ ಇದನ್ನು ಬದಲಿಸುವುದು ಒಳ್ಳೆಯದು. ಖರ್ಚು ಇನ್ನೂರು ಮಿಲಿ ಆಯಿಲಿನದು, ಉಳಿಯುವುದು ಕ್ರೌನ್-ಪಿನಿಯನ್ ಜೋಡಿ.

ನೀರಿನಲ್ಲಿ ಓಡಾಡುವವರ ಲೆಕ್ಕ ಬೇರೆಯೇ. ಮಲೆನಾಡಿನ ಕಚ್ಚಾ ರಸ್ತೆಗಳಲ್ಲಿ ಗಂಟೆಗಟ್ಟಲೆ ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳದಲ್ಲಿ ಮುಳುಗಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಆ ಎಳೆತಕ್ಕೆ ಬ್ರೀದರಿನಿಂದಲೋ ಸವೆದ ಸೀಲಿನಂಚಿನಿಂದಲೋ ನೀರು ಒಳಸೇರಬಹುದು. ಇಳಿಸಿದ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಅದು ನೀರಿನ ಗುರುತು. ಅಂಥ ಆಯಿಲಿನಲ್ಲಿ ಬೇರಿಂಗಿಗೆ ತುಕ್ಕು ಹಿಡಿಯಲು ತಡವಿಲ್ಲ. ಹಿಂದಿನ ಹೌಸಿಂಗ್ ಮುಳುಗುವಷ್ಟು ನೀರು ಕಂಡ ಬೈಕಿಗೆ ಕಿಲೋಮೀಟರ್ ಲೆಕ್ಕ ಹಾಕುತ್ತ ಕೂರಬಾರದು, ಮನೆಗೆ ಬಂದ ವಾರದೊಳಗೆ ಬದಲಿಸಿಬಿಡಬೇಕು.

ಕೆಲಸ ಮಾಡುವ ಕ್ರಮದಲ್ಲಿ ಒಂದು ವಿಷಯ ಮೆಕ್ಯಾನಿಕ್ ಬಂಧುಗಳಿಗೆ ಗೊತ್ತಿದ್ದರೂ ಮನೆಯಲ್ಲೇ ಮಾಡುವ ಸವಾರರಿಗಾಗಿ ಹೇಳಲೇಬೇಕು: ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್, ಆಮೇಲೆ ಇಳಿಸುವ ಪ್ಲಗ್. ಆಯಿಲೆಲ್ಲ ಇಳಿದ ಮೇಲೆ ಮೇಲಿನ ಪ್ಲಗ್ ಜಪ್ಪಯ್ಯ ಎಂದರೂ ಬರದಿದ್ದರೆ ಬೈಕು ಅಲ್ಲೇ ಕೂರುತ್ತದೆ. ಸ್ವಲ್ಪ ದೂರ ಓಡಿಸಿ ಬೆಚ್ಚಗಾದ ಮೇಲೆ ಬಿಚ್ಚಿದರೆ ಆಯಿಲ್ ಪೂರ್ತಿ ಇಳಿಯುತ್ತದೆ. ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪಾದ ಕೆಸರು ಸಹಜ. ಉಗುರಿಗೆ ತಾಗುವ ಚೂರುಗಳು, ಹೊಳೆಯುವ ಸಿಪ್ಪೆಗಳು ಕಂಡರೆ ಹೊಸ ಆಯಿಲ್ ಹಾಕಿ ಕಳಿಸುವಂತಿಲ್ಲ, ಹೌಸಿಂಗ್ ಬಿಚ್ಚಿ ಬೇರಿಂಗ್ ನೋಡಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೂ ಅದೇ ಮಾತು. ವಾಷರ್ ಹೊಸದು ಹಾಕಿ, ಅಲ್ಯೂಮಿನಿಯಂ ಹೌಸಿಂಗಿನ ಥ್ರೆಡ್ ಎಂಬುದನ್ನು ನೆನಪಿಟ್ಟು ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ 80ಡಬ್ಲ್ಯು-90 ಜಿಎಲ್-5 ಸಿಗದ ಊರಿಲ್ಲ. ಸೀಲ್ ಇರುವ ಬಾಟಲಿ ಕೊಳ್ಳಿ, ಬ್ಯಾರಲಿನಿಂದ ಲೂಸಾಗಿ ಅಳೆದು ಕೊಡುವುದು ಬೇಡ. ಅದರಲ್ಲಿ ದರ್ಜೆ ಯಾವುದೆಂದು ಯಾರೂ ಹೇಳಲಾರರು. ಒಂದು ಲೀಟರ್ ಬಾಟಲಿ ನಾಲ್ಕೈದು ಸಲಕ್ಕೆ ಬರುತ್ತದೆ, ಮುಚ್ಚಳ ಬಿಗಿಯಾಗಿದ್ದು ನೀರಿನ ಪಸೆ ತಾಗದಿದ್ದರೆ ಉಳಿದದ್ದು ಮುಂದಿನ ಸಲಕ್ಕೂ ಚೆನ್ನಾಗಿರುತ್ತದೆ. ಒಂದೇ ಮಾದರಿಯ ಬೈಕಿನ ಇಬ್ಬರು ಮೂವರು ಸೇರಿ ಕೊಂಡರೆ ಇನ್ನೂ ಅನುಕೂಲ. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದು ಬರುತ್ತದೆ, ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಸೇರಿಸಿ ಅಧಿಕೃತ ಮರುಬಳಕೆದಾರರಿಗೆ ಕೊಡಬೇಕು.

ಇನ್ನೊಂದು ಮಾತು. ಹೌಸಿಂಗಿನ ಆಯಿಲ್ ಎಷ್ಟೇ ಒಳ್ಳೆಯದಿದ್ದರೂ ಬಹುಪಾಲು ಬೈಕುಗಳಲ್ಲಿ ಶಾಫ್ಟಿನ ಸ್ಪ್ಲೈನುಗಳಿಗೆ, ಅಂದರೆ ಒಂದರೊಳಗೊಂದು ಕೂರುವ ಉದ್ದುದ್ದ ಹಲ್ಲುಗಳಿಗೆ, ಅದು ತಲಪುವುದಿಲ್ಲ. ಅವುಗಳಿಗೆ ಬೇಕಾದದ್ದು ಮಾಲಿಬ್ಡಿನಂ ಹೆಚ್ಚಿರುವ ಗ್ರೀಸು ಅಥವಾ ಪೇಸ್ಟು. ಬಿಎಂಡಬ್ಲ್ಯುವಿನ ಹಳೆಯ ಕೆ ಸಾಲಿನ ಬೈಕುಗಳಲ್ಲಿ ಒಣಗಿದ ಸ್ಪ್ಲೈನು ಸವೆದು ಹಲ್ಲೇ ಮಾಯವಾದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಟೈರ್ ಬದಲಿಸಲು ಹಿಂದಿನ ಚಕ್ರ ಬಿಚ್ಚುವ ದಿನ ಹೋಂಡಾದಂಥ ಬೈಕುಗಳಲ್ಲಿ ಸ್ಪ್ಲೈನು ಕಣ್ಣೆದುರಿಗೇ ಇರುತ್ತದೆ, ಒರೆಸಿ ಪೇಸ್ಟ್ ಹಚ್ಚಲು ಐದು ನಿಮಿಷ ಸಾಕು.

ಕೊನೆಗೆ, ಮೆಕ್ಯಾನಿಕ್ ಬಂಧುಗಳಲ್ಲಿ ಒಂದು ವಿನಂತಿ. ಬಿಲ್ಲಿನಲ್ಲಿ ‘ಗೇರ್ ಆಯಿಲ್ – 1’ ಎಂದು ಬರೆಯುವ ಕಡೆ ದಪ್ಪ, ಜಿಎಲ್ ದರ್ಜೆ, ಹಾಕಿದ ಮಿಲಿ, ಆಗಿನ ಕಿಲೋಮೀಟರ್ ನಾಲ್ಕನ್ನೂ ಬರೆಯಿರಿ. ಅಯಸ್ಕಾಂತದ ಪ್ಲಗ್ಗಿನಲ್ಲಿ ಏನು ಕಂಡಿತು ಎಂದು ಒಂದು ಸಾಲು ಸೇರಿಸಿ. ಸವಾರರೇ, ಆ ಬಿಲ್ಲನ್ನು ಬೈಕಿನ ಕಾಗದಪತ್ರದ ಜೊತೆಗಿಟ್ಟುಕೊಂಡು, ಬೈಕು ಮಾರುವ ದಿನ ಮುಂದಿನವರ ಕೈಗೆ ಕೊಡಿ.

ಇತಿ,
ನಿಮ್ಮ ಸಹಸವಾರ